ಮಿಚಿಕೋಗೆ ಕೋಪ ಬರಲಿಲ್ಲ

ನನಗೆ ಬೇಗ ಕೋಪ ಬರುತ್ತದೆ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚವಾಗುವುದು ಅದು ಹೊರಟುಹೋಗುವ ವೇಗಕ್ಕೆ. ಕೋಪವೆಂದ ಮೇಲೆ ಅದಕ್ಕೊಂದು ಘನತೆ ಬೇಡವೇ? ಒಂದು ಹೊತ್ತಿನ ಊಟವನ್ನಾದರೂ ಬಿಡಿಸಬೇಕು, ಮುಖವನ್ನು ಮರುದಿನದವರೆಗಾದರೂ ಊದಿಸಿಡಬೇಕು. ನನ್ನ ದೂರದ ಅತ್ತಿಗೆಯೊಬ್ಬರು ಮದುವೆಮನೆಯಲ್ಲಿ ತಮಗೆ ಮಲ್ಲಿಗೆ ಕೊಡಲಿಲ್ಲವೆಂದು ಮಾಡಿಕೊಂಡ ಕೋಪ, ಆ ದಂಪತಿಗಳ ಮಗುವಿನ ನಾಮಕರಣದ ತನಕ ಬಾಡದೆ ಉಳಿದಿತ್ತು. ಅಂಥ ಕೋಪ ಕಂಡರೆ ನನಗೆ ಕೈಮುಗಿಯುವಷ್ಟು ಗೌರವ. ನನ್ನದೋ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಗಂಡನಿಗೆ ಬೈಯಲು ಶುರುಮಾಡಿ, ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ "ಕಾಫಿಗೆ ಸಕ್ಕರೆ ಸಾಕಾ?" ಎಂದು ಕೇಳಿರುತ್ತೇನೆ. ಹೀಗಾದರೆ ಯಾರು ಹೆದರುತ್ತಾರೆ?

ನನ್ನ ಗಂಡ ಹರೀಶರು ನನ್ನನ್ನು ಹೊಸಬರಿಗೆ ಪರಿಚಯಿಸುವುದೇ ಹೀಗೆ: "ಇವಳು ಇಲ್ಲಿಯ ತಣ್ಣೀರಿನ ನಲ್ಲಿ ಇದ್ದ ಹಾಗೆ." ಒಮಾನಿನಲ್ಲಿ ಒಂದು ಬೇಸಿಗೆ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾರಸಿಯ ಮೇಲಿನ ಟ್ಯಾಂಕು ದಿನವಿಡೀ ಕಾದು, ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ನೀರು ಬರುತ್ತದೆ. "ಬಕೆಟ್‌ನಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ರೆ ಆಯ್ತು, ಸರಿಯಾಗ್ತದೆ" ಎಂದು ಅವರೇ ವಿವರಣೆಯನ್ನೂ ಕೊಡುತ್ತಾರೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಬೈಯುತ್ತೇನೆ.

ನಾವಿರುವುದು ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ, ತರಕಾರಿ ಅಂಗಡಿಗಳ ಸಾಲಿನ ಹಿಂದಿನ ಒಂದು ಕಟ್ಟಡದಲ್ಲಿ. ಹರೀಶರದು ರೂವಿಯಲ್ಲಿ ಸರಕು ಸಾಗಣೆಯ ಆಫೀಸು. ಮಗಳು ಅನ್ವಿತಾ ಐದನೆಯ ತರಗತಿ. ನಾನು ಮನೆವಾರ್ತೆ, ಮತ್ತು ಆ ಕಟ್ಟಡದ ಧ್ವನಿವರ್ಧಕ. ನನ್ನ ದನಿ ದೊಡ್ಡದು ಎಂಬುದು ನನ್ನ ತಪ್ಪಲ್ಲ. ಊರಿನಲ್ಲಿ ನಮ್ಮ ಮನೆ ಇದ್ದದ್ದು ಅಕ್ಕಿ ಗಿರಣಿಯ ಪಕ್ಕದಲ್ಲಿ. ಉಪ್ಪು ಬೇಕಾದರೂ ಗಿರಣಿಯ ಸದ್ದನ್ನು ಮೀರಿಸಿ ಕೇಳಬೇಕಿತ್ತು. ಗಿರಣಿ ನಿಂತು ಎಷ್ಟೋ ವರ್ಷವಾಯಿತು; ನಮ್ಮ ಮನೆಯವರ ದನಿಗಳು ಮಾತ್ರ ಇನ್ನೂ ನಿಂತಿಲ್ಲ.

ಈ ಸಲ ಮಸ್ಕತ್ತಿನ ನಮ್ಮ ಕನ್ನಡದವರ ಕೂಟದಲ್ಲಿ ಒಂದು ಹೊಸ ಉಮೇದು ಹುಟ್ಟಿತು. ಪ್ರತಿ ಬಡಾವಣೆಯವರೂ ವಾರ್ಷಿಕೋತ್ಸವಕ್ಕೆ ಒಂದೊಂದು ದೇಶದ ಸಂಸಾರವನ್ನು ಹಾಸ್ಯ ನಾಟಕವಾಗಿ ಆಡಬೇಕು. ನಮ್ಮ ಸಂಸಾರವನ್ನು ಮನೆಯಲ್ಲಿ ದಿನಾ ನೋಡುತ್ತೇವಲ್ಲ, ಅದನ್ನೇ ಟಿಕೆಟ್ಟು ತೆಗೆದುಕೊಂಡು ಯಾರು ನೋಡುತ್ತಾರೆ ಎಂಬುದು ಸಮಿತಿಯ ವಾದ. ಚೀಟಿ ಎತ್ತಿದಾಗ ರೂವಿಯವರಿಗೆ ಇಟಲಿ ಬಂತು, ನಮಗೆ ಜಪಾನ್. ಜಪಾನ್ ಎಂದರೆ ನಮ್ಮ ಬಡಾವಣೆಯವರಿಗೆ ಗೊತ್ತಿದ್ದದ್ದು ಕಾರು ಮಾತ್ರ. ಆದರೆ ನಮ್ಮ ನಿರ್ದೇಶಕ ಶ್ರೀಕಂಠ ಸರ್ ಧೈರ್ಯಗೆಡುವವರಲ್ಲ. ಮೈಸೂರಿನವರು, ಕೆಲಸದಲ್ಲಿ ಇಂಜಿನಿಯರು, ಮನಸ್ಸಿನಲ್ಲಿ ರಂಗಭೂಮಿಯವರು. ಒಂದೇ ವಾರದಲ್ಲಿ ನಾಟಕ ಬರೆದುಕೊಂಡು ಬಂದು, ತಮ್ಮ ಮನೆಯ ಹಾಲಿನಲ್ಲಿ ನಮ್ಮನ್ನೆಲ್ಲ ಕೂರಿಸಿ ಓದಿದರು.

ಕತೆ ಸರಳ. ತಕೇಶಿ ಎಂಬ ಗುಮಾಸ್ತ, ಅವನ ಹೆಂಡತಿ ಮಿಚಿಕೋ, ಮಗಳು ಯೂಕಿ. ಮೀನು ತರಲು ಹೇಳಿದರೆ ತಕೇಶಿ ಕೊಡೆ ತರುತ್ತಾನೆ. ಮಿಚಿಕೋ ಸಿಡಿಯುತ್ತಾಳೆ, ಸೌಟು ಹಿಡಿದು ಮನೆಯೆಲ್ಲ ಅಟ್ಟಿಸಿಕೊಂಡು ಹೋಗುತ್ತಾಳೆ, ಕೊನೆಗೆ ಕರಗಿ ಎಲ್ಲರಿಗೂ ಊಟ ಬಡಿಸುತ್ತಾಳೆ. ಶ್ರೀಕಂಠ ಸರ್ ಕನ್ನಡಕ ತೆಗೆದು, "ಇಡೀ ನಾಟಕ ನಿಂತಿರೋದು ಮಿಚಿಕೋ ಮೇಲೆ. ಮೂಗಿನ ತುದೀಲೇ ಕೋಪ. ಆದ್ರೆ ಮನೆಯವರು ಅಂದ್ರೆ ಪ್ರಾಣ. ಈ ಪಾತ್ರ ಯಾರಿಗೆ ಒಪ್ಪತ್ತೆ ಅಂತ ಯೋಚನೆ ಮಾಡ್ಬೇಕು" ಎಂದರು. ಯಾರೂ ಯೋಚನೆ ಮಾಡಲಿಲ್ಲ. ಯಾರೂ ನನ್ನ ಹೆಸರನ್ನೂ ಹೇಳಲಿಲ್ಲ. ಎಲ್ಲರ ಕತ್ತೂ ಒಟ್ಟಿಗೆ ನನ್ನ ಕಡೆ ತಿರುಗಿತು, ಅಷ್ಟೇ. "ವಸಂತಿ ಮೇಡಂ, ಹಾಗಾದ್ರೆ ನೀವೇ!" ಎಂದರು ಶ್ರೀಕಂಠ ಸರ್, ಏನೋ ಹೊಸದಾಗಿ ಕಂಡುಹಿಡಿದವರಂತೆ.

ನಾನು ಅಲ್ಲೇ ಸಿಡಿದು ಎದ್ದು ಬರುತ್ತಿದ್ದೆ. ತಡೆದದ್ದು ಅನ್ವಿತಾ. ಅವಳ ವಿಷಯ ಸ್ವಲ್ಪ ಹೇಳಬೇಕು. ಕಳೆದ ವರ್ಷ ಇದೇ ಕೂಟದಲ್ಲಿ ಅವಳು ಒಂದು ಪುಟ್ಟ ಭಾಷಣ ಮಾಡಬೇಕಿತ್ತು. ಮೈಕಿನ ಮುಂದೆ ಹೋಗಿ ನಿಂತವಳ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಗು ಅಳುತ್ತ ಕೆಳಗಿಳಿದದ್ದು ಮತ್ತೆ ಯಾವ ವೇದಿಕೆಯನ್ನೂ ಹತ್ತಿರಲಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನು ಬಿಟ್ಟಿದ್ದಳು. ಕನ್ನಡವನ್ನಂತೂ ಹೆಚ್ಚಾಗಿ ಕೇಳಿಸಿಕೊಳ್ಳುವುದಕ್ಕೇ ಇಟ್ಟುಕೊಂಡಿದ್ದಳು, ಉತ್ತರದಲ್ಲಿ ಅರ್ಧಕ್ಕರ್ಧ ಇಂಗ್ಲಿಷೇ. ಯೂಕಿಯ ಪಾತ್ರ ಮಾಡುತ್ತೀಯಾ ಎಂದು ಶ್ರೀಕಂಠ ಸರ್ ಕೇಳಿದಾಗ, ಬೇಡ ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ನನ್ನನ್ನೊಮ್ಮೆ ನೋಡಿ ಹೇಳಿದಳು: "ಅಮ್ಮ ಮಾಡಿದ್ರೆ ಓಕೆ. ಅಮ್ಮ ಸ್ಟೇಜ್ ಮೇಲೆ ಶೌಟ್ ಮಾಡ್ತಾ ಇದ್ರೆ ಐ ವೋಂಟ್ ಬಿ ಸ್ಕೇರ್ಡ್. ಇಟ್ ವಿಲ್ ಬಿ ಲೈಕ್ ಹೋಮ್."

ಇದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಮಾತಿನ ಮುಂದೆ ಇಲ್ಲ ಎನ್ನಲಾಗಲಿಲ್ಲ. ಜಪಾನಿನವಳಾಗಲು ಒಪ್ಪಿಕೊಂಡೆ. ತಕೇಶಿಯ ಪಾತ್ರ ಹರೀಶರ ತಲೆಗೆ ಬಂತು. "ಬೈಸಿಕೊಳ್ಳಲಿಕ್ಕೆ ರಿಹರ್ಸಲ್ ಬೇರೆ ಬೇಕಾ?" ಎಂದು ಗೊಣಗಿಕೊಂಡೇ ಒಪ್ಪಿದರು.

ಇನ್ನು ಮುಂದೆ ನಡೆದದ್ದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮೊದಲ ಅಭ್ಯಾಸದ ದಿನ ಹರೀಶರು ಕೊಡೆ ಹಿಡಿದು ಬಂದರು. "ಮಿಚಿಕೋ, ನಾನು ಬಂದೆ" ಎಂದರು. ನಾನು ಸೌಟು ಎತ್ತಿ ಹೇಳಬೇಕಾದ ಮಾತು ಹೀಗಿತ್ತು: "ಪತಿದೇವರೇ, ನಿಮ್ಮ ಈ ನಿರ್ಲಕ್ಷ್ಯದ ವರ್ತನೆ ನನ್ನಲ್ಲಿ ತೀವ್ರ ಅಸಮಾಧಾನವನ್ನು ಉಂಟುಮಾಡಿದೆ." ಹೇಳಿದೆ. ನಿಲ್ದಾಣದಲ್ಲಿ ಬಸ್ಸು ತಡವಾಗಿ ಬರುವುದನ್ನು ಪ್ರಕಟಿಸುವವರ ಹಾಗಿತ್ತಂತೆ. ಶ್ರೀಕಂಠ ಸರ್, "ಮೇಡಂ, ಸ್ವಲ್ಪ ಕೋಪ" ಎಂದರು. ಮತ್ತೆ ಹೇಳಿದೆ. "ಇನ್ನೂ ಸ್ವಲ್ಪ ಕೋಪ ಮೇಡಂ." ಮತ್ತೆ ಹೇಳಿದೆ. ಈ ಸಲ ನನಗೇ ನಗು ಬಂತು.

"ಸರ್, ಹೀಗೆ ಯಾರು ಬೈತಾರೆ? ತೀವ್ರ ಅಸಮಾಧಾನ ಅಂತ ಹೇಳಿ ಮುಗಿಸುವಷ್ಟರಲ್ಲಿ ಕೋಪ ಇಳಿದೇ ಹೋಗ್ತದೆ" ಎಂದೆ.

"ಭಾಷೆ ಬದಲಾಯಿಸೋ ಹಾಗಿಲ್ಲ ಮೇಡಂ. ಇದು ಜಪಾನಿಂದ ಕನ್ನಡಕ್ಕೆ ಬಂದಿರೋ ಹಾಗೆ ಕೇಳಿಸ್ಬೇಕು. ನೀವು ಪಾತ್ರದ ಒಳಗೆ ಹೋಗಿ. ಹಿಂದೆ ಯಾವಾಗ್ಲಾದ್ರೂ ಸಿಕ್ಕಾಪಟ್ಟೆ ಕೋಪ ಬಂದಿತ್ತಲ್ಲ, ಅದನ್ನ ನೆನಪು ಮಾಡ್ಕೊಳ್ಳಿ."

ನೆನಪು ಮಾಡಿಕೊಂಡೆ. ತರಕಾರಿ ಅಂಗಡಿಯಲ್ಲಿ ಹರೀಶರು ಆರಿಸಿ ಆರಿಸಿ ನೀರೇ ಇಲ್ಲದ ತೆಂಗಿನಕಾಯಿಗಳನ್ನು ಚೀಲಕ್ಕೆ ತುಂಬಿದ ದಿನ ನೆನಪಾಯಿತು. ಆ ದಿನ ನಾನು ಬೈದದ್ದಕ್ಕೆ ಅಂಗಡಿಯ ಬಾಂಗ್ಲಾದವನು, "ಖಲಾಸ್ ಭಾಭಿ, ಖಲಾಸ್" ಎಂದು ತಾನೇ ಬೇರೆ ಕಾಯಿ ಹಾಕಿಕೊಟ್ಟಿದ್ದ. ಆದರೆ ಆ ಕಾಯಿಯ ಜೊತೆಗೆ ಸಂಜೆ ಮಾಡಿದ ಕಾಯಿಹಾಲು, ನೀರುದೋಸೆಯೂ ನೆನಪಾಗಿ, ಇವರು ಬಡಿಸಿದಷ್ಟೂ ತಿಂದದ್ದು ನೆನಪಾಗಿ, ನನ್ನ ಮುಖ ಮತ್ತಷ್ಟು ಮೆತ್ತಗಾಯಿತು. ಶ್ರೀಕಂಠ ಸರ್ ತಲೆಯ ಮೇಲೆ ಕೈಹೊತ್ತು ಕೂತರು.

ಮನೆಯಲ್ಲಿ ಈಗ ವಿಚಿತ್ರ ಶುರುವಾಯಿತು. ನನಗೆ ಕೋಪ ಬರಿಸಲು ಮನೆಯವರೆಲ್ಲ ಪಣತೊಟ್ಟರು. ಹರೀಶರು ಟವೆಲನ್ನು ಬೇಕೆಂದೇ ನಲ್ಲಿಯಡಿ ಹಿಡಿದು, ಹಿಂಡದೆ ತಂದು, ನನ್ನ ದಿಂಬಿನ ಮೇಲೆ ಹರಡಿದರು. ಹರಡಿ, ಬಾಗಿಲ ಬಳಿ ನಿಂತು ಇಣುಕಿ ನೋಡಿದರು. ಅನ್ವಿತಾ ಬಿಸ್ಕತ್ತಿನ ಪುಡಿಯನ್ನು ಸೋಫಾದ ಮೇಲೆ ಚೆಲ್ಲಿ, "ಅಮ್ಮಾ, ಲುಕ್!" ಎಂದು ಕರೆದು ತೋರಿಸಿದಳು. ಕೋಪ ಬರಿಸಬೇಕೆಂದು ಇಷ್ಟು ಕಷ್ಟಪಡುವವರನ್ನು ಕಂಡರೆ ಕೋಪ ಹೇಗೆ ಬರುತ್ತದೆ? ಪಾಪ ಅನಿಸುತ್ತದೆ. ನಾನು ಟವೆಲು ಒಣಗಿಸಿದೆ, ಸೋಫಾ ಒರೆಸಿದೆ, ಇಬ್ಬರ ತಲೆಯನ್ನೂ ಸವರಿದೆ. "ಹುಷಾರಿಲ್ವಾ ನಿಂಗೆ?" ಎಂದು ಹರೀಶರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು. ಹುಟ್ಟಿದಾಗಿನಿಂದ ಬೇಡಬೇಡವೆಂದರೂ ಬರುತ್ತಿದ್ದ ಕೋಪ, ಬೇಕು ಎಂದ ಕೂಡಲೇ ಟಿಕೆಟ್ಟು ತೆಗೆದುಕೊಂಡು ಎಲ್ಲಿಗೋ ಹೊರಟುಹೋಗಿತ್ತು.

ಅನ್ವಿತಾಳ ಮುಖ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು. ಒಂದು ದಿನ ತಲೆ ಬಾಚಿಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು, "ಅಮ್ಮಾ, ಸ್ಟೇಜ್ ಮೇಲೂ ಹೀಗೇನಾ? ವಿಲ್ ಯು ಬಿ ದಿಸ್ ಸಾಫ್ಟ್?" "ಇಲ್ಲ ಮಗಾ, ಆ ದಿನ ಜೋರು ಮಾಡ್ತೇನೆ" ಎಂದೆ. ಹೇಳಿದೆನೇ ಹೊರತು ನನಗೇ ನಂಬಿಕೆಯಿರಲಿಲ್ಲ.

ನಾಟಕದ ದಿನ ಬಂತು. ರೂವಿಯ ಒಂದು ದೊಡ್ಡ ಸಭಾಂಗಣ, ಮಸ್ಕತ್ತಿನ ಕನ್ನಡದವರೆಲ್ಲ ಅಲ್ಲೇ. ನೆರೆಮನೆಯ ಶಾಂಭವಿ ತನ್ನ ಹಳೆಯ ರೇಷ್ಮೆ ಸೀರೆಯಿಂದ ನನಗೆ ಕಿಮೊನೊ ಹೊಲಿದಿದ್ದಳು. ಜಪಾನಿನಲ್ಲಿ ಈಗ ಮನೆಯೊಳಗೆ ಯಾರೂ ಅದನ್ನು ಉಡುವುದಿಲ್ಲ ಎಂದು ಅನ್ವಿತಾ ಎಷ್ಟು ಹೇಳಿದರೂ ಶ್ರೀಕಂಠ ಸರ್ ಕೇಳಿರಲಿಲ್ಲ. "ಇವರು ಜಪಾನಿನವರು ಅಂತ ಜನಕ್ಕೆ ಗೊತ್ತಾಗೋದು ಬೇಡ್ವೇನಮ್ಮಾ?" ಎಂಬುದು ಅವರ ಪ್ರಶ್ನೆ. ಆ ಕಿಮೊನೊ ಎಷ್ಟು ಬಿಗಿಯಾಗಿತ್ತೆಂದರೆ ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡೇ ನಡೆಯಬೇಕಿತ್ತು. ಕೋಪಕ್ಕೂ ಸ್ವಲ್ಪ ಕಾಲಾಡಿಸಲು ಜಾಗ ಬೇಕು; ಅದರೊಳಗೆ ಉಸಿರಿಗೇ ಜಾಗವಿರಲಿಲ್ಲ. ಹರೀಶರಿಗೆ ಒಂದು ಅಂಟಿಸಿದ ಮೀಸೆ, ಅಂಗಿಗೆ ಸಿಕ್ಕಿಸಿದ ಮೈಕು, ಕೈಯಲ್ಲಿ ಕೊಡೆ. ಮಳೆಯೇ ಇಲ್ಲದ ಊರಿನಲ್ಲಿ ಆ ಕೊಡೆ ಹುಡುಕಲು ಸಮಿತಿಯವರಿಗೆ ಸಾಕುಸಾಕಾಗಿತ್ತು.

ಪರದೆ ಎದ್ದಿತು. ತಕೇಶಿ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಯೂಕಿ ಓಡಿಬಂದು, "ಅಮ್ಮಾ! ಅಪ್ಪ ಬಂದರು, ಆದರೆ ಮೀನು ಬರಲಿಲ್ಲ!" ಎನ್ನಬೇಕು. ಅನ್ವಿತಾ ಓಡಿಬಂದಳು. ಮೈಕಿನ ಮುಂದೆ ನಿಂತಳು. ತುಂಬಿದ ಸಭೆಯನ್ನು ನೋಡಿದಳು. ನಿಂತೇಬಿಟ್ಟಳು.

ಯಾರೋ ಕೆಮ್ಮಿದರು. ಪಕ್ಕದ ಪರದೆಯ ಮರೆಯಿಂದ ಶ್ರೀಕಂಠ ಸರ್ ಪಿಸುದನಿಯಲ್ಲಿ ಮಾತು ಹೇಳಿಕೊಟ್ಟದ್ದು ಸಭೆಗೆಲ್ಲ ಕೇಳಿಸಿತು, ಮಗುವಿಗೆ ಮಾತ್ರ ಕೇಳಿಸಲಿಲ್ಲ. ಅವಳು ತಿರುಗಿ ನನ್ನನ್ನೇ ನೋಡಿದಳು. ಈಗ ನಾನು ಗದರಬೇಕು, ಮನೆಯ ಹಾಗೆ ಮಾಡಬೇಕು, ಅದಕ್ಕೇ ಅಲ್ಲವೇ ನನ್ನನ್ನು ಇಲ್ಲಿ ನಿಲ್ಲಿಸಿಕೊಂಡದ್ದು? ಬಾಯಿ ತೆರೆದೆ. ತೀವ್ರ ಅಸಮಾಧಾನವೂ ಬರಲಿಲ್ಲ, ಸಾಧಾರಣ ಅಸಮಾಧಾನವೂ ಬರಲಿಲ್ಲ. ಸೌಟು ಹಿಡಿದು ಗೊಂಬೆಯ ಹಾಗೆ ನಿಂತೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಹರೀಶರಿಗೆ ಏನಾದರೂ ಮಾಡಿ ನಾಟಕವನ್ನು ಮುಂದಕ್ಕೆ ತಳ್ಳಬೇಕೆನಿಸಿರಬೇಕು. ಮಗಳ ಮಾತನ್ನು ದಾಟಿ ತಮ್ಮ ಮಾತಿಗೆ ಹಾರಿದರು. ಎದೆಯ ಮೇಲೆ ಮೈಕು, ತುಟಿಯ ಮೇಲೆ ಜಾರುತ್ತಿರುವ ಮೀಸೆ, ಹಣೆಯ ಮೇಲೆ ಬೆವರು. ಕೊಡೆಯನ್ನು ನೆಲಕ್ಕೆ ಕುಟ್ಟಿ, ಇಡೀ ಸಭಾಂಗಣ ಮೊಳಗುವ ಹಾಗೆ ಕೂಗಿದರು:

"ಮುಚ್ಕೋ! ನಾನು ಬಂದೆ!"

ಅರೆಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ನಗು ಸಿಡಿಯಿತು. ಮಸ್ಕತ್ತಿನ ಸಮಸ್ತ ಕನ್ನಡಿಗರ ಎದುರಿಗೆ ನನ್ನ ಗಂಡ ನನಗೆ ಬಾಯಿ ಮುಚ್ಚಿಕೋ ಎಂದಿದ್ದರು. ಅದೂ ನಾನು ಒಂದು ಮಾತೂ ಆಡದೆ ನಿಂತಿದ್ದಾಗ! ಎಲ್ಲಿಗೋ ಹೋಗಿದ್ದ ಕೋಪ ಮುಂದಿನ ವಿಮಾನಕ್ಕೇ ವಾಪಸು ಬಂತು.

"ಏರೆಗ್ ಪಂಡಿನಿ?" ಎಂದು ನಮ್ಮ ತುಳುವಿನಲ್ಲೇ ಗುಡುಗಿದೆ. ಮತ್ತೆ ಸಭೆಗೂ ತಿಳಿಯಲೆಂದು ಕನ್ನಡಕ್ಕೆ ಬಂದೆ. "ಯಾರಿಗೆ ಹೇಳಿದ್ದು? ಇನ್ನೊಮ್ಮೆ ಹೇಳಿ ನೋಡುವ! ಮೀನು ತನ್ನಿ ಅಂದ್ರೆ ಕೊಡೆ ಹಿಡ್ಕೊಂಡು ಬಂದದ್ದಲ್ದೆ ನಂಗೇ ಮುಚ್ಕೋ ಅಂತೀರಾ? ಬೆಳಿಗ್ಗೆಯಿಂದ ಈ ಸೀರೆ ಸುತ್ಕೊಂಡು ಉಸಿರುಕಟ್ಟಿ ನಿಂತಿದ್ದೇನೆ ನಾನು! ಹೆಂಡತಿಯ ಹೆಸರೊಂದು ಬಾಯಲ್ಲಿ ನಿಲ್ಲುದಿಲ್ಲ, ಕೈಯಲ್ಲಿ ಟವೆಲ್ ನಿಲ್ಲುದಿಲ್ಲ, ತೆಂಗಿನಕಾಯಿ ಕುಲುಕಿ ನೋಡ್ಲಿಕ್ಕೆ ಬರುದಿಲ್ಲ, ನಿಮ್ಮನ್ನು ಆಫೀಸಿನಲ್ಲಿ ಹೇಗೆ ಇಟ್ಕೊಂಡಿದ್ದಾರೆ ಮಾರಾಯ್ರೆ!" ಎನ್ನುತ್ತ ಸೌಟು ಎತ್ತಿ ಒಂದು ಹೆಜ್ಜೆ ಹಾಕಿದೆ. ಕಿಮೊನೊ ಮೊಣಕಾಲಿನ ತನಕ ಪರ್ರೆಂದು ಹರಿಯಿತು. ಒಳಗೆ ಹಾಕಿದ್ದ ಪೈಜಾಮ ಜಪಾನಿನ ಮಾನ ಕಾಪಾಡಿತು. ಕಾಲಿಗೆ ಬಿಡುಗಡೆ ಸಿಕ್ಕಿದ್ದೇ ತಡ, ನಾನು ಓಡಿದೆ. ಹರೀಶರು ನನಗಿಂತ ಮೊದಲೇ ಓಡಿದ್ದರು.

ಎರಡು ಸುತ್ತು ಮುಗಿಯುವಾಗ ಒಂದು ಸಣ್ಣ ನಗು ಕೇಳಿಸಿತು. ಅನ್ವಿತಾ! ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದಳು: "ಅಮ್ಮಾ! ಅಪ್ಪ ಬಂದ್ರು, ಆದ್ರೆ ಮೀನು ಬರ್ಲಿಲ್ಲ!" ಸಭೆ ಹೋ ಎಂದಿತು. ಆ ಸದ್ದಿಗೆ ಹುರುಪೇರಿ, ಬರೆದುಕೊಡದ ಮಾತನ್ನೂ ಆಡಿದಳು. "ಪರ್ವಾಗಿಲ್ಲ ಅಮ್ಮಾ, ನೀವು ಹೀಗೇ ಕಿರುಚಿ, ಸಮುದ್ರದ ಮೀನು ಹೆದರಿ ಅದಾಗಿಯೇ ಮನೆಗೆ ಬರ್ತದೆ!" ಎಲ್ಲವೂ ಕನ್ನಡದಲ್ಲಿ. ನಮ್ಮ ಊರಿನ ಕನ್ನಡದಲ್ಲಿ. ಸೌಟು ಹಿಡಿದ ನನ್ನ ಕೈ ಗಾಳಿಯಲ್ಲೇ ಉಳಿಯಿತು. ಇವಳ ಬಾಯಲ್ಲಿ ಇದೆಲ್ಲ ಎಲ್ಲಿತ್ತು?

ಕೊನೆಯ ದೃಶ್ಯದಲ್ಲಿ ಮಿಚಿಕೋ ಕರಗಬೇಕು. "ನಾನು ಗದರಿದರೂ ನನ್ನ ಅಂತರಂಗದಲ್ಲಿ ನಿಮ್ಮ ಬಗ್ಗೆ ಅಪಾರವಾದ ಪ್ರೀತಿಯಿದೆ" ಎಂದು ಮಾತು. ಅದನ್ನು ಹೇಳಲು ನನ್ನಿಂದಾಗಲಿಲ್ಲ. ಹರೀಶರ ಮೀಸೆ ಗಲ್ಲಕ್ಕೆ ಇಳಿದಿತ್ತು, ಏದುಸಿರು ಬಿಡುತ್ತಿದ್ದರು. ಕಿಮೊನೊದ ಹರಿದ ತುದಿಯಿಂದ ಅವರ ಮುಖ ಒರೆಸಿ, "ಬನ್ನಿ, ಕೂತ್ಕೊಳ್ಳಿ. ಗಂಜಿ ಆರ್ತದೆ" ಎಂದೆ. ಮಗಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡೆ. ಸಭೆ ಎದ್ದುನಿಂತು ಚಪ್ಪಾಳೆ ಹೊಡೆಯಿತು. ಜಪಾನಿನಲ್ಲಿ ಗಂಜಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ನಮ್ಮ ನಾಟಕಕ್ಕೆ ಮೊದಲ ಬಹುಮಾನ ಬಂತು. ಅತ್ಯುತ್ತಮ ಬಾಲನಟಿ ಅನ್ವಿತಾ. ಅತ್ಯುತ್ತಮ ನಟ ಹರೀಶರು; ಹೆದರಿಕೆಯನ್ನು ಇಷ್ಟು ಸಹಜವಾಗಿ ಅಭಿನಯಿಸಿದವರನ್ನು ತಾವು ನೋಡಿಯೇ ಇಲ್ಲ ಎಂದರು ತೀರ್ಪುಗಾರರು. "ಸರ್, ನಾನು ಅಭಿನಯ ಮಾಡ್ಲೇ ಇಲ್ಲ" ಎಂದು ಇವರು ಪ್ರಾಮಾಣಿಕವಾಗಿ ಹೇಳಿದ್ದನ್ನು ವಿನಯವೆಂದು ತಿಳಿದು ಮತ್ತೊಮ್ಮೆ ಚಪ್ಪಾಳೆಯಾಯಿತು. ನನ್ನ ಬಗ್ಗೆ ತೀರ್ಪುಗಾರರ ಅಭಿಪ್ರಾಯ: "ತಾಯಿಯ ಪಾತ್ರಧಾರಿ ಚೆನ್ನಾಗಿ ಮಾಡಿದರು. ಆದರೆ ನಿಜಜೀವನದಲ್ಲಿ ಯಾವ ಹೆಂಗಸೂ ಇಷ್ಟು ಕೂಗುವುದಿಲ್ಲ. ಅಭಿನಯ ಸ್ವಲ್ಪ ಅತಿಯಾಯಿತು."

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಸುದ್ದಿ ಒಳನಾಡಿನ ಇಬ್ರಿ ಪಟ್ಟಣದವರೆಗೆ ಹೋಗಿ, ಅಲ್ಲಿಯ ನಮ್ಮವರು ನಾಟಕವನ್ನು ತಮ್ಮ ಊರಿಗೂ ಕರೆಸಿಕೊಂಡರು. ಶ್ರೀಕಂಠ ಸರ್ ಈ ಸಲ 'ಮುಚ್ಕೋ'ವನ್ನು ನಾಟಕದೊಳಗೇ ಬರೆದು ಸೇರಿಸಿದ್ದರು. ದಾರಿಯುದ್ದಕ್ಕೂ ಹರೀಶರು ಕಾರು ಓಡಿಸುತ್ತ ಮುಚ್ಕೋ ಮುಚ್ಕೋ ಎಂದು ಅಭ್ಯಾಸ ಮಾಡಿದರು. ಅಷ್ಟೂ ಸಲ ನಾನು ಹಲ್ಲು ಕಚ್ಚಿ, ಬಂದ ಕೋಪವನ್ನು ಸಂಜೆಗೆಂದು ಜೋಪಾನ ಮಾಡಿದೆ.

ಇಬ್ರಿಯಲ್ಲಿ ಪರದೆ ಎದ್ದಿತು. ಅನ್ವಿತಾ ಅರಳು ಹುರಿದಂತೆ ತನ್ನ ಮಾತು ಹೇಳಿದಳು. ಹರೀಶರು ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟರು. ಹೆಂಡತಿಗೆ ಬೇಕೆಂದೇ ಹಾಗೆ ಹೇಳುವುದಕ್ಕೆ ಆ ಪುಣ್ಯಾತ್ಮರಿಗೆ ಮನಸ್ಸು ಬರಲಿಲ್ಲವೋ ಏನೋ. ನನ್ನನ್ನೇ ನೋಡುತ್ತ, ಜೇನು ಸುರಿದ ಹಾಗೆ, ಮೆಲ್ಲಗೆ, "ಮಿಚಿಕೋ... ನಾನು ಬಂದೆ" ಎಂದರು.

ನನ್ನ ಎದೆ ಕರಗಿ ನೀರಾಯಿತು. ಆ ಮರುಗಳಿಗೆಯೇ ಒಂದು ಯೋಚನೆ ಹೊಳೆಯಿತು. ಮದುವೆಯಾಗಿ ಇಷ್ಟು ವರ್ಷವಾಯಿತು, ಈ ಮನುಷ್ಯ ನನ್ನನ್ನು ಕರೆದದ್ದೆಲ್ಲ "ಇಕೋ", "ಕೇಳ್ತಾ", ಹೆಚ್ಚೆಂದರೆ "ಅನ್ವಿತಾನ ಅಮ್ಮಾ". ಈಗ ಯಾರೋ ಒಬ್ಬಳು ಜಪಾನಿನವಳಿಗೆ ಇಷ್ಟು ಅಕ್ಕರೆಯೇ?

"ಯಾರ್ರೀ ಅವಳು ಮಿಚಿಕೋ?" ನನ್ನ ದನಿಗೆ ಇಬ್ರಿಯ ಮೈಕು ಕೀಯೆಂದಿತು. "ನನ್ನ ಹೆಸರು ವಸಂತಿ! ಒಂದು ದಿನ ಆದ್ರೂ ವಸಂತಿ ಅಂತ ಹೀಗೆ ಕರ್ದದ್ದುಂಟಾ ನೀವು?"

ಇಬ್ರಿಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತಾನೇ ವೇಷ ಹಾಕಿದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚುಪಟ್ಟು ಗಂಡನನ್ನು ಸೌಟು ಹಿಡಿದು ಅಟ್ಟಿಸಿಕೊಂಡು ಹೋದವಳು ಇಡೀ ಒಮಾನಿನಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದೆ. ಹರೀಶರು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಗಂಟಲು ಸರಿಮಾಡಿಕೊಂಡು, ನಿನ್ನೆಯ ಅದೇ ದನಿಯಲ್ಲಿ ಮೆಲ್ಲಗೆ ಕರೆದರು.

"ವಸಂತೀ..."

ಇಷ್ಟು ವರ್ಷ ಕಾದಿದ್ದ ಕರೆ. ನಾನು ಸೌಟು ಅಲ್ಲಾಡಿಸುವುದನ್ನು ನಿಲ್ಲಿಸಿ, ಹಿಂದಿರುಗಿಯೂ ನೋಡದೆ ಕೇಳಿದೆ:

"ಎಂತ ಒಡೆದು ಹಾಕಿದ್ರಿ?"